ಸೂರ್ಯನು ಮುಳುಗುವ ವೇಗ

‘ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ’ ಎಂದು ನಾವೆಲ್ಲರೂ ಹೇಳುವುದುಂಟು. ಈ ಮಾತಿನಲ್ಲಿರುವ ‘ಬೇಗ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ‘ಅವನು ಇಂದು ಬೇಗ ಬಂದನು’ ಎಂದರೆ ಎಂದಿಗಿಂತ ಮುಂಚಿತವಾಗಿ ಬಂದನೆಂದು ಅರ್ಥ. ‘ಅವನು ಬೇಗ ಬೇಗ ನಡೆದನು’ ಎಂದರೆ ವೇಗವಾಗಿ ನಡೆದನೆಂದು ಅರ್ಥ. ಚಳಿಗಾಲದಲ್ಲಿ ಸೂರ್ಯನು ಮುಂಚಿತವಾಗಿ ಮುಳುಗುವನೆಂಬುದು ನಿಜ. ಆದರೆ ಅವನು ವೇಗವಾಗಿಯೂ ಮುಳುಗುವನೇ? ಕೇಳಿದರೆ ಬಹುಮಂದಿ ‘ಹೌದು’ ಎಂದೇ ಉತ್ತರ ಕೊಡುವರು. ಬೇಸಗೆಯ ಸಂಜೆ ಮೆಲ್ಲಗೆ ಕಳೆಯುತ್ತದೆ, ಚಳಿಗಾಲದ ಸಂಜೆ ಥಟ್ಟನೆ ಕವಿಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಡಿಯಾರವನ್ನು ಹಿಡಿದು ನೋಡಿದರೆ ಬೇರೆಯ ಸಂಗತಿ ಹೊರಪಡುತ್ತದೆ. ಡಿಸೆಂಬರಿನ ಸೂರ್ಯನು ಮಾರ್ಚ್ ತಿಂಗಳ ಸೂರ್ಯನಿಗಿಂತ ನಿಧಾನವಾಗಿ ಮುಳುಗುತ್ತಾನೆ. ಜೂನ್ ತಿಂಗಳ ಸೂರ್ಯನೂ ಹಾಗೆಯೇ. ವರ್ಷದಲ್ಲಿ ಅವನು ಅತ್ಯಂತ ವೇಗವಾಗಿ ಮುಳುಗುವುದು ಹಗಲೂ ರಾತ್ರಿಯೂ ಸಮನಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ಇದು ಹೇಗೆಂಬುದನ್ನು ಈಗ ವಿಚಾರಿಸೋಣ.

ಮೊದಲು ‘ಮುಳುಗುವುದು’ ಎಂದರೆ ಏನೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಂಗಳೂರಿನ ಕಡಲ ತೀರದಲ್ಲಿ ನಿಂತು ಪಶ್ಚಿಮಕ್ಕೆ ನೋಡುವವನಿಗೆ, ಸೂರ್ಯಬಿಂಬದ ಕೆಳ ಅಂಚು ನೀರಿನ ಗೆರೆಯನ್ನು ಮುಟ್ಟುವುದು ಒಂದು ಕ್ಷಣ. ಬಿಂಬವು ಕುಗ್ಗುತ್ತ ಬಂದು, ಕಡೆಗೆ ಕಿಡಿಯಷ್ಟು ಉಳಿದು, ಅದೂ ಮರೆಯಾಗುವುದು ಇನ್ನೊಂದು ಕ್ಷಣ. ಈ ಎರಡು ಕ್ಷಣಗಳ ನಡುವಣ ಕಾಲವೇ ಸೂರ್ಯನು ಮುಳುಗಲು ಹಿಡಿಯುವ ಕಾಲ. ಪಂಚಾಂಗಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಕೊಡುವ ಸೂರ್ಯಾಸ್ತದ ವೇಳೆ ಇದರಿಂದ ಬೇರೆಯಾದುದು. ಅದು ಯಾವಾಗ ಮುಳುಗುವನೆಂಬುದನ್ನು ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ಮುಳುಗುವನೆಂಬುದನ್ನು ಹೇಳುವುದಿಲ್ಲ.

ಅತ್ಯಂತ ಕಡಿಮೆಯ ಕಾಲ

ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಸೂರ್ಯನು ಆಕಾಶವನ್ನು 24 ಗಂಟೆಗಳಲ್ಲಿ ಒಂದು ಸುತ್ತು, ಎಂದರೆ 360 ಡಿಗ್ರಿ, ಸುತ್ತುವಂತೆ ಕಾಣುತ್ತಾನೆ. ಇದರಂತೆ ಗಂಟೆಗೆ 15 ಡಿಗ್ರಿ ಆಯಿತು. ಒಂದು ಡಿಗ್ರಿಯನ್ನು 60 ಕಲೆಗಳಾಗಿ ವಿಭಾಗಿಸುವುದು ಜ್ಯೋತಿಶ್ಶಾಸ್ತ್ರದ ರೂಢಿ. ಆದುದರಿಂದ ಸೂರ್ಯನ ಚಲನೆ ನಿಮಿಷಕ್ಕೆ 15 ಕಲೆಗಳೆಂದು ಹೇಳಬಹುದು. ಇನ್ನು ಸೂರ್ಯಬಿಂಬದ ಅಗಲವು ನಮ್ಮ ಕಣ್ಣಿಗೆ ಸುಮಾರು 32 ಕಲೆ, ಎಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯನು ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಕೆಳಗಿಳಿಯುವುದಾದರೆ, 32ನ್ನು 15ರಿಂದ ಭಾಗಿಸಿದಷ್ಟು, ಎಂದರೆ 2 ನಿಮಿಷ 8 ಸೆಕೆಂಡುಗಳಲ್ಲಿ ಪೂರ್ತಿ ಮರೆಯಾಗಬೇಕು.

ಹೀಗೆ ನೆಟ್ಟಗೆ, ಪೂರ್ಣ ವೇಗದಿಂದ ಸೂರ್ಯನು ಇಳಿಯುವುದು ಭೂಮಧ್ಯರೇಖೆಯ ಮೇಲಿನ ಊರುಗಳಲ್ಲಿ ಮಾತ್ರ. ಅದೂ ಸಮರಾತ್ರಿಯ ದಿನಗಳಲ್ಲಿ ಮಾತ್ರ. ಉಳಿದ ಸ್ಥಳಗಳಲ್ಲಿಯೂ ಉಳಿದ ದಿನಗಳಲ್ಲಿಯೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಈ ತಡಕ್ಕೆ ಎರಡು ಕಾರಣಗಳಿವೆ. ಒಂದು ನಾವು ನಿಂತಿರುವ ಸ್ಥಳದ ಅಕ್ಷಾಂಶ, ಇನ್ನೊಂದು ಋತು. ಇವುಗಳನ್ನು ಒಂದೊಂದಾಗಿ ನೋಡೋಣ.

ಓರೆಯಾದ ದಾರಿ

ನಕ್ಷತ್ರಗಳೂ ಸೂರ್ಯನೂ ಆಕಾಶದಲ್ಲಿ ಸುತ್ತುವುದು ಧ್ರುವ ನಕ್ಷತ್ರದ ಕಡೆಗೆ ಚಾಚಿರುವ ಒಂದು ಅಕ್ಷವನ್ನು ನಡುವಾಗಿಟ್ಟುಕೊಂಡು. ಭೂಮಧ್ಯರೇಖೆಯಲ್ಲಿ ನಿಂತವನಿಗೆ ಧ್ರುವ ನಕ್ಷತ್ರವು ಉತ್ತರದ ಕ್ಷಿತಿಜದಲ್ಲಿಯೇ ಇರುವುದು. ಆದುದರಿಂದ ಅಕ್ಷವು ನೆಲಕ್ಕೆ ಸಮಾನಾಂತರವಾಗಿ ಮಲಗಿರುವುದು. ಮಂಗಳೂರಿನಲ್ಲಿ ಧ್ರುವ ನಕ್ಷತ್ರವು ಸುಮಾರು 13 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಮಂಗಳೂರಿನ ಅಕ್ಷಾಂಶವೂ ಅಷ್ಟೆ. ಒಂದು ಊರಿನ ಅಕ್ಷಾಂಶವೆಷ್ಟೋ ಅಲ್ಲಿ ಧ್ರುವ ನಕ್ಷತ್ರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ದಿಲ್ಲಿಯಲ್ಲಿ ಅದು 28 ಡಿಗ್ರಿಗೂ ಮೇಲೆ, ಲಂಡನ್ನಿನಲ್ಲಿ 51 ಡಿಗ್ರಿಗೂ ಮೇಲೆ ಇರುವುದು.

ಅಕ್ಷವು ಎಷ್ಟು ಎತ್ತಿಕೊಂಡಿರುವುದೋ ಸೂರ್ಯನ ದಾರಿ ಅಷ್ಟೇ ಓರೆಯಾಗುತ್ತದೆ. ಸಮರಾತ್ರಿಯ ದಿನ ಮಂಗಳೂರಿನಲ್ಲಿ ಸೂರ್ಯನು ನೆಟ್ಟಗಿನ ಗೆರೆಗಿಂತ 13 ಡಿಗ್ರಿ ಓರೆಯಾಗಿ ಕಡಲಿಗೆ ಇಳಿಯುತ್ತಾನೆ; ಲಂಡನ್ನಿನಲ್ಲಿ 51 ಡಿಗ್ರಿಗೂ ಹೆಚ್ಚು ಓರೆಯಾಗಿ ಇಳಿಯುತ್ತಾನೆ. ಬೆಟ್ಟದಿಂದ ನೇರವಾದ ಮೆಟ್ಟಿಲುಗಳಲ್ಲಿ ಇಳಿಯುವವನಿಗಿಂತ, ಅದೇ ನಡಿಗೆಯ ವೇಗದಲ್ಲಿ ಓರೆಯಾದ ಕಾಲುದಾರಿಯನ್ನು ಹಿಡಿದವನು ತಪ್ಪಲನ್ನು ತಡವಾಗಿ ಮುಟ್ಟುವನಷ್ಟೆ. ಸೂರ್ಯನ ಸ್ಥಿತಿಯೂ ಅದೇ. ಸಮರಾತ್ರಿಯ ದಿನ ಭೂಮಧ್ಯರೇಖೆಯಲ್ಲಿ 2 ನಿಮಿಷ 8 ಸೆಕೆಂಡುಗಳಲ್ಲಿ ಮುಳುಗುವ ಸೂರ್ಯನಿಗೆ ಮಂಗಳೂರಿನಲ್ಲಿ 2 ನಿಮಿಷ 11 ಸೆಕೆಂಡುಗಳೂ, ಲಂಡನ್ನಿನಲ್ಲಿ 3 ನಿಮಿಷ 26 ಸೆಕೆಂಡುಗಳೂ ಬೇಕಾಗುತ್ತವೆ.

ಜಾತ್ರೆಯ ತೊಟ್ಟಿಲು

ಅಕ್ಷಾಂಶದ ಪರಿಣಾಮವು ಇಷ್ಟಾಯಿತು. ಒಂದೇ ಊರಿನಲ್ಲಿ ನಿಂತವನಿಗೆ ಋತುವಿನಿಂದ ಋತುವಿಗೆ ವ್ಯತ್ಯಾಸವೇಕೆ ಕಾಣಬೇಕು? ಇದನ್ನು ತಿಳಿಯಲು ಜಾತ್ರೆಗಳಲ್ಲಿ ನೆಡುವ ದೊಡ್ಡ ತಿರುಗುವ ತೊಟ್ಟಿಲನ್ನು ನೆನೆದುಕೊಳ್ಳಿ. ಚಕ್ರವು ಒಂದೇ ಸಮನೆ ತಿರುಗುತ್ತಿರುತ್ತದೆ. ಆದರೂ ತೊಟ್ಟಿಲಲ್ಲಿ ಕುಳಿತವನು ಎಲ್ಲ ಕಡೆಯಲ್ಲಿಯೂ ಒಂದೇ ವೇಗದಿಂದ ಕೆಳಗಿಳಿಯುವುದಿಲ್ಲ. ಚಕ್ರದ ನೆತ್ತಿಯಲ್ಲಿರುವಾಗ ಅವನು ಬಹುಮಟ್ಟಿಗೆ ಅಡ್ಡಲಾಗಿಯೇ ಸಾಗುತ್ತಾನೆ. ಅಚ್ಚಿನ ಮಟ್ಟಕ್ಕೆ ಬಂದಾಗ ನೆಟ್ಟಗೆ, ಅತ್ಯಂತ ವೇಗವಾಗಿ ಕೆಳಗಿಳಿಯುತ್ತಾನೆ. ಎದೆ ಝಲ್ಲೆನ್ನುವುದೂ ಅಲ್ಲಿಯೇ. ಮುಂದೆ ಬುಡದ ಹತ್ತಿರ ಮತ್ತೆ ಅಡ್ಡಲಾಗಿ ಸಾಗುತ್ತಾನೆ.

ಸೂರ್ಯನು ಒಂದು ದಿನದಲ್ಲಿ ಆಕಾಶದಲ್ಲಿ ಬರೆಯುವ ವೃತ್ತವು ಇಂಥದೇ ಒಂದು ಚಕ್ರ. ಅದರ ಅಚ್ಚು ಧ್ರುವ ನಕ್ಷತ್ರದ ಕಡೆಗೆ ಚಾಚಿದ ಅಕ್ಷ. ನಮ್ಮ ಕ್ಷಿತಿಜವು ಈ ಚಕ್ರವನ್ನು ಅಡ್ಡಲಾಗಿ ಕತ್ತರಿಸುವ ಒಂದು ಗೆರೆ. ಸೂರ್ಯನು ಈ ಗೆರೆಯನ್ನು ದಾಟುವ ಸ್ಥಳವು ಚಕ್ರದ ಯಾವ ಭಾಗದಲ್ಲಿದೆ ಎಂಬುದೇ ಅವನ ವೇಗವನ್ನು ನಿರ್ಧರಿಸುತ್ತದೆ.

ಮಾರ್ಚ್ 20ರ ಸುಮಾರಿಗೂ ಸೆಪ್ಟೆಂಬರ್ 23ರ ಸುಮಾರಿಗೂ ಕ್ಷಿತಿಜದ ಗೆರೆಯು ಸರಿಯಾಗಿ ಚಕ್ರದ ಅಚ್ಚಿನ ಮೂಲಕ ಹಾಯುತ್ತದೆ. ಚಕ್ರದ ಅರ್ಧವು ಮೇಲೆ, ಅರ್ಧವು ಕೆಳಗೆ. ಹಗಲೂ ರಾತ್ರಿಯೂ ಸಮನಾಗಿರುವುದಕ್ಕೆ ಇದೇ ಕಾರಣ. ಆ ದಿನಗಳಲ್ಲಿ ಸೂರ್ಯನು ಅಚ್ಚಿನ ಮಟ್ಟದಲ್ಲಿರುವಾಗಲೇ, ಎಂದರೆ ತನ್ನ ಇಳಿತವು ಅತ್ಯಂತ ಚುರುಕಾಗಿರುವಾಗಲೇ, ಕಡಲನ್ನು ಮುಟ್ಟುತ್ತಾನೆ.

ಜೂನ್ 21ರ ಸುಮಾರಿಗೆ ಸೂರ್ಯನು ಆಕಾಶದ ನಡುಗೆರೆಯಿಂದ 23.4 ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಅವನ ಚಕ್ರವೂ ಅಚ್ಚಿನ ಉದ್ದಕ್ಕೆ ಉತ್ತರದ ಕಡೆಗೆ ಜಾರಿರುತ್ತದೆ. ನಮ್ಮ ನಾಡಿನಲ್ಲಿ ಅಚ್ಚು ಉತ್ತರದಲ್ಲಿ ಎತ್ತಿಕೊಂಡಿದೆಯಷ್ಟೆ. ಆದುದರಿಂದ ಉತ್ತರಕ್ಕೆ ಜಾರಿದ ಚಕ್ರವು ಮೇಲಕ್ಕೆದ್ದಂತಾಯಿತು. ಈಗ ಕ್ಷಿತಿಜದ ಗೆರೆಯು ಅಚ್ಚಿಗಿಂತ ಕೆಳಗೆ, ಚಕ್ರದ ಬುಡಕ್ಕೆ ಹತ್ತಿರವಾಗಿ ಹಾಯುತ್ತದೆ. ಹಗಲು ದೊಡ್ಡದಾಗುತ್ತದೆ, ಮುಳುಗುವ ಹೊತ್ತಿಗೆ ಸೂರ್ಯನು ಮೊದಲಿಗಿಂತ ಹೆಚ್ಚಾಗಿ ಅಡ್ಡಲಾಗಿ ಸರಿಯತೊಡಗಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ಎಲ್ಲವೂ ತಿರುಗುಮುರುಗು. ಚಕ್ರವು ದಕ್ಷಿಣಕ್ಕೆ ಜಾರಿ ತಗ್ಗಿರುತ್ತದೆ. ಕ್ಷಿತಿಜವು ಅಚ್ಚಿಗಿಂತ ಮೇಲೆ, ನೆತ್ತಿಗೆ ಹತ್ತಿರವಾಗಿ ಹಾಯುತ್ತದೆ. ಹಗಲು ಚಿಕ್ಕದು. ಆದರೆ ಸೂರ್ಯನು ಇಳಿತದ ಪೂರ್ಣ ವೇಗವನ್ನು ಪಡೆಯುವ ಮೊದಲೇ ಕ್ಷಿತಿಜವನ್ನು ತಲಪಿಬಿಡುತ್ತಾನೆ. ಹೀಗೆ ಹಗಲಿನ ಉದ್ದದಲ್ಲಿ ಜೂನ್ ಮತ್ತು ಡಿಸೆಂಬರ್ ಒಂದಕ್ಕೊಂದು ವಿರುದ್ಧವಾದರೂ ಮುಳುಗುವ ನಿಧಾನದಲ್ಲಿ ಅವೆರಡೂ ಒಂದೇ.

ಇದಲ್ಲದೆ ಇನ್ನೊಂದು ಸಂಗತಿಯೂ ಇದೆ. ನಡುಗೆರೆಯಿಂದ ದೂರ ಸರಿದ ಸೂರ್ಯನು ಬರೆಯುವ ವೃತ್ತವು ಚಿಕ್ಕದು. ಭೂಗೋಳದ ಮೇಲಿನ ಅಕ್ಷಾಂಶ ವೃತ್ತಗಳು ಧ್ರುವದ ಕಡೆಗೆ ಹೋದಂತೆ ಹೇಗೆ ಕಿರಿದಾಗುವುವೋ ಹಾಗೆಯೇ ಇದೂ. ಜೂನ್ ಮತ್ತು ಡಿಸೆಂಬರಿನಲ್ಲಿ ಸೂರ್ಯನ ಚಕ್ರವು ಮಾರ್ಚ್ ತಿಂಗಳ ಚಕ್ರದ 100ಕ್ಕೆ 92ರಷ್ಟು ಮಾತ್ರ. ಚಿಕ್ಕ ಚಕ್ರವನ್ನೂ ಅದೇ 24 ಗಂಟೆಗಳಲ್ಲಿ ಸುತ್ತಬೇಕಾದುದರಿಂದ ಸೂರ್ಯನ ನಡೆಯೇ ಮಂದವಾಗುತ್ತದೆ. ಭೂಮಧ್ಯರೇಖೆಯಲ್ಲಿ ಅಚ್ಚು ಮಲಗಿರುವುದರಿಂದ ಚಕ್ರವು ಮೇಲೇರುವುದೂ ಇಲ್ಲ, ತಗ್ಗುವುದೂ ಇಲ್ಲ. ಅಲ್ಲಿ ಋತುಭೇದಕ್ಕೆ ಈ ಎರಡನೆಯ ಕಾರಣವೇ ಮುಖ್ಯ. ಮಂಗಳೂರಿನಲ್ಲಿಯೂ ಇದರದೇ ದೊಡ್ಡ ಪಾಲು. ಉತ್ತರಕ್ಕೆ ಹೋದಂತೆಲ್ಲ ಚಕ್ರದ ಏರಿಳಿತವು ಹೆಚ್ಚಿ, ಎರಡು ಕಾರಣಗಳೂ ಕೂಡಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಮ್ಮಲ್ಲಿ ಉತ್ತರಾಯಣದ ಹಬ್ಬವನ್ನು ಜನವರಿ 14 ಅಥವಾ 15ರ ಮಕರ ಸಂಕ್ರಾಂತಿಯಂದು ಆಚರಿಸುತ್ತೇವೆ. ಆದರೆ ಸೂರ್ಯನು ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಭೂಮಿಯ ಅಕ್ಷವು ನಿಧಾನವಾಗಿ ತೊನೆಯುವುದರಿಂದ ಈ ಎರಡರ ನಡುವೆ ಶತಮಾನಗಳಲ್ಲಿ ಅಂತರ ಬಿದ್ದಿದೆ. ಈ ಲೇಖನದ ಲೆಕ್ಕಗಳೆಲ್ಲ ಡಿಸೆಂಬರಿನ ದಿನಕ್ಕೆ ಹೊಂದಿದವು.

ಕೆಲವು ಅಂಕೆಗಳು

ಮೇಲೆ ಹೇಳಿದ ಕಾರಣಗಳನ್ನು ಲೆಕ್ಕಕ್ಕೆ ಅಳವಡಿಸಿದರೆ, ಸಮುದ್ರದಂತಹ ಸಮವಾದ ಕ್ಷಿತಿಜದಲ್ಲಿ ಸೂರ್ಯನು ಮುಳುಗಲು ಹಿಡಿಯುವ ಕಾಲವು ಸುಮಾರಾಗಿ ಹೀಗೆ ಬರುತ್ತದೆ:

ಭೂಮಧ್ಯರೇಖೆ: ಮಾರ್ಚಿನಲ್ಲಿ 2 ನಿಮಿಷ 8 ಸೆಕೆಂಡು, ಜೂನಿನಲ್ಲಿ 2 ನಿಮಿಷ 17 ಸೆಕೆಂಡು, ಡಿಸೆಂಬರಿನಲ್ಲಿ 2 ನಿಮಿಷ 22 ಸೆಕೆಂಡು.

ಮಂಗಳೂರು: ಮಾರ್ಚಿನಲ್ಲಿ 2 ನಿಮಿಷ 11 ಸೆಕೆಂಡು, ಜೂನಿನಲ್ಲಿ 2 ನಿಮಿಷ 22 ಸೆಕೆಂಡು, ಡಿಸೆಂಬರಿನಲ್ಲಿ 2 ನಿಮಿಷ 26 ಸೆಕೆಂಡು.

ದಿಲ್ಲಿ: ಮಾರ್ಚಿನಲ್ಲಿ 2 ನಿಮಿಷ 26 ಸೆಕೆಂಡು, ಜೂನಿನಲ್ಲಿ 2 ನಿಮಿಷ 42 ಸೆಕೆಂಡು, ಡಿಸೆಂಬರಿನಲ್ಲಿ 2 ನಿಮಿಷ 45 ಸೆಕೆಂಡು.

ಲಂಡನ್: ಮಾರ್ಚಿನಲ್ಲಿ 3 ನಿಮಿಷ 26 ಸೆಕೆಂಡು, ಜೂನ್ ಮತ್ತು ಡಿಸೆಂಬರುಗಳಲ್ಲಿ ನಾಲ್ಕೂವರೆ ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ.

ಹೆಲ್ಸಿಂಕಿ: ಮಾರ್ಚಿನಲ್ಲಿ 4 ನಿಮಿಷ 18 ಸೆಕೆಂಡು, ಜೂನಿನಲ್ಲಿ ಏಳೂವರೆ ನಿಮಿಷ, ಡಿಸೆಂಬರಿನಲ್ಲಿ ಏಳು ನಿಮಿಷ.

ಬೆಂಗಳೂರಿನ ಅಕ್ಷಾಂಶವೂ ಮಂಗಳೂರಿನದೂ ಹೆಚ್ಚುಕಡಿಮೆ ಒಂದೇ ಆದುದರಿಂದ ಮಂಗಳೂರಿನ ಅಂಕೆಗಳು ಬೆಂಗಳೂರಿಗೂ ಸಲ್ಲುವುವು. ಮಂಗಳೂರಿನಲ್ಲಿ ಡಿಸೆಂಬರಿನ ಕಾಲವು ಜೂನಿನ ಕಾಲಕ್ಕಿಂತ 4 ಸೆಕೆಂಡು ಹೆಚ್ಚಾಗಿರುವುದನ್ನು ವಾಚಕರು ಗಮನಿಸಿರಬಹುದು. ಇದಕ್ಕೆ ಕಾರಣ ಬೇರೆ. ಭೂಮಿಯ ಕಕ್ಷೆಯು ಪೂರ್ಣ ವೃತ್ತವಲ್ಲ. ಜನವರಿಯ ಮೊದಲ ವಾರದಲ್ಲಿ ಸೂರ್ಯನು ನಮಗೆ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರು ದೂರದಲ್ಲಿಯೂ, ಜುಲೈ ಮೊದಲ ವಾರದಲ್ಲಿ ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರು ದೂರದಲ್ಲಿಯೂ ಇರುತ್ತಾನೆ. ಹತ್ತಿರದ ಬಿಂಬವು ದೊಡ್ಡದು: ಜನವರಿಯಲ್ಲಿ ಅದರ ಅಗಲ 32.5 ಕಲೆ, ಜುಲೈಯಲ್ಲಿ 31.5 ಕಲೆ. ದೊಡ್ಡ ಬಿಂಬವು ಮರೆಯಾಗಲು ಹೆಚ್ಚು ಹೊತ್ತು ಬೇಕಾಗುವುದು ಸಹಜವೇ.

ಕಾಲೇಜು ವಿದ್ಯಾರ್ಥಿಗಳು ಈ ಅಂಕೆಗಳನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಊರಿನ ಅಕ್ಷಾಂಶದ ಕೊಸೈನನ್ನು ವರ್ಗಿಸಿರಿ. ಸೂರ್ಯನು ನಡುಗೆರೆಯಿಂದ ಎಷ್ಟು ಡಿಗ್ರಿ ಸರಿದಿದ್ದಾನೋ ಆ ಕೋನಕ್ಕೆ ‘ಕ್ರಾಂತಿ’ ಎಂದು ಹೆಸರು. ಅದರ ಸೈನನ್ನು ವರ್ಗಿಸಿ ಮೊದಲಿನದರಿಂದ ಕಳೆಯಿರಿ. ಉಳಿದುದರ ವರ್ಗಮೂಲವನ್ನು 15ರಿಂದ ಗುಣಿಸಿದರೆ, ಸೂರ್ಯನು ನಿಮಿಷಕ್ಕೆ ಎಷ್ಟು ಕಲೆ ಕೆಳಗಿಳಿಯುವನೆಂಬುದು ದೊರೆಯುತ್ತದೆ. 13 ಡಿಗ್ರಿಯ ಕೊಸೈನ್ 0.974, ಅದರ ವರ್ಗ 0.949. 23.4 ಡಿಗ್ರಿಯ ಸೈನ್ 0.397, ಅದರ ವರ್ಗ 0.158. ಕಳೆದರೆ 0.791, ವರ್ಗಮೂಲ 0.889, 15ರಿಂದ ಗುಣಿಸಿದರೆ 13.3 ಕಲೆ. 32 ಕಲೆಗಳ ಬಿಂಬವು ಮರೆಯಾಗಲು 2.4 ನಿಮಿಷ, ಎಂದರೆ 2 ನಿಮಿಷ 24 ಸೆಕೆಂಡುಗಳಾದವು. ಬಿಂಬದ ಅಗಲವನ್ನು ತಿದ್ದಿಕೊಂಡರೆ ಜೂನ್, ಡಿಸೆಂಬರುಗಳ ಅಂಕೆಗಳು ಬರುತ್ತವೆ.

ಈ ಸೂತ್ರದಲ್ಲಿ ಒಂದು ಸ್ವಾರಸ್ಯವಿದೆ. ಅಕ್ಷಾಂಶವು 66.6 ಡಿಗ್ರಿಯಾದಾಗ ಅದರ ಕೊಸೈನು 23.4 ಡಿಗ್ರಿಯ ಸೈನಿಗೆ ಸಮನಾಗಿ, ಕಳೆದರೆ ಶೂನ್ಯವೇ ಉಳಿಯುತ್ತದೆ. ಇಳಿಯುವ ವೇಗವೇ ಇಲ್ಲವೆಂದರೆ ಸೂರ್ಯನು ಮುಳುಗುವುದಿಲ್ಲವೆಂದಾಯಿತು. ಉತ್ತರ ಧ್ರುವವೃತ್ತವಿರುವುದು ಅಲ್ಲಿಯೇ. ಜೂನ್ 21ರ ನಡುರಾತ್ರಿ ಅಲ್ಲಿ ಸೂರ್ಯನು ಕ್ಷಿತಿಜವನ್ನು ಸವರಿಕೊಂಡು ಮತ್ತೆ ಮೇಲೇಳುತ್ತಾನೆ. ಇನ್ನು ಉತ್ತರ ಧ್ರುವದಲ್ಲಿಯೇ ನಿಂತವನಿಗೆ ದಿನದ ತಿರುಗುವಿಕೆಯಿಂದ ಸೂರ್ಯನು ಮೇಲೇರುವುದೂ ಇಲ್ಲ, ಕೆಳಗಿಳಿಯುವುದೂ ಇಲ್ಲ. ಸುತ್ತಲೂ ಸುತ್ತುತ್ತಾನೆ, ಅಷ್ಟೆ. ಅಲ್ಲಿ ಸೂರ್ಯಾಸ್ತವು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ತಿಂಗಳಲ್ಲಿ ಆಗುತ್ತದೆ. ಬಿಂಬವು ಪೂರ್ತಿ ಮರೆಯಾಗಲು ಸುಮಾರು 32 ಗಂಟೆಗಳ ಕಾಲ ಹಿಡಿಯುತ್ತದೆ.

ಗಾಳಿಯ ಮಾಯೆ

ಇಲ್ಲಿ ಒಂದು ಸಂದೇಹವು ಹುಟ್ಟಬಹುದು. ಕ್ಷಿತಿಜದ ಬಳಿ ಸೂರ್ಯಬಿಂಬವು ಗುಂಡಗಿರದೆ ಮೇಲೆ ಕೆಳಗೆ ಅಮುಕಿದ ಲಿಂಬೆಯಂತೆ ಚಪ್ಪಟೆಯಾಗಿ ಕಾಣುತ್ತದೆ. ಅದರ ಎತ್ತರವು ಅಗಲಕ್ಕಿಂತ ಕಡಿಮೆಯಾದ ಮೇಲೆ ಮುಳುಗುವ ಕಾಲವೂ ಕಡಿಮೆಯಾಗಬೇಡವೇ?

ಚಪ್ಪಟೆಯಾಗುವುದಕ್ಕೆ ಕಾರಣ ವಾಯುಮಂಡಲದಲ್ಲಿ ಬೆಳಕಿನ ವಕ್ರೀಭವನ. ಗಾಳಿಯ ಪದರಗಳನ್ನು ಹಾಯ್ದು ಬರುವ ಕಿರಣಗಳು ಬಾಗುವುದರಿಂದ ಸೂರ್ಯನು ತಾನಿರುವುದಕ್ಕಿಂತ ಎತ್ತರದಲ್ಲಿ ಕಾಣುತ್ತಾನೆ. ಕ್ಷಿತಿಜದಲ್ಲಿ ಈ ಎತ್ತುವಿಕೆಯು ಸುಮಾರು 34 ಕಲೆ. ಮೇಲೆ ಹೋದಂತೆ ಬೇಗನೆ ತಗ್ಗುತ್ತದೆ. ಆದುದರಿಂದ ಬಿಂಬದ ಕೆಳ ಅಂಚು ಮೇಲಿನ ಅಂಚಿಗಿಂತ ಹೆಚ್ಚಾಗಿ ಎತ್ತಲ್ಪಟ್ಟು ಬಿಂಬವು ಅಮುಕಿದಂತೆ ತೋರುತ್ತದೆ. ಆದರೆ ನಾವು ಅಳೆಯುತ್ತಿರುವುದು ಕೆಳ ಅಂಚು ಕ್ಷಿತಿಜದಲ್ಲಿರುವ ಕ್ಷಣವನ್ನು, ಆಮೇಲೆ ಮೇಲಿನ ಅಂಚು ಅದೇ ಕ್ಷಿತಿಜದಲ್ಲಿರುವ ಕ್ಷಣವನ್ನು. ಎರಡೂ ಸಲ ಎತ್ತುವಿಕೆಯು ಅದೇ 34 ಕಲೆ. ಆದುದರಿಂದ ಈ ಚಪ್ಪಟೆತನವು ಲೆಕ್ಕವನ್ನು ಕೆಡಿಸುವುದಿಲ್ಲ. ಇಷ್ಟು ಮಾತ್ರ ಆಶ್ಚರ್ಯ: ಬಿಂಬದ ಕೆಳ ಅಂಚು ಕಡಲನ್ನು ಮುಟ್ಟಿತೆಂದು ನಮಗೆ ತೋರುವ ಕ್ಷಣದಲ್ಲಿ ನಿಜವಾದ ಸೂರ್ಯನು ಆಗಲೇ ಪೂರ್ತಿಯಾಗಿ ಕ್ಷಿತಿಜದ ಕೆಳಗಿರುತ್ತಾನೆ. ನಾವು ಎರಡು ನಿಮಿಷಗಳಿಗೂ ಹೆಚ್ಚು ಹೊತ್ತು ನೋಡುವುದು ಗಾಳಿಯು ಎತ್ತಿ ತೋರಿಸುವ ಬಿಂಬವನ್ನೇ.

ಎತ್ತರದ ಸ್ಥಳದಲ್ಲಿ ನಿಂತರೂ ಇದೇ ನ್ಯಾಯ. ಸುಮಾರು 650 ಮೀಟರು ಎತ್ತರದ ಆಗುಂಬೆಯಿಂದ ಅರಬ್ಬೀ ಸಮುದ್ರದ ಗೆರೆಯನ್ನು ಕಾಣುವವನಿಗೆ ಆ ಗೆರೆಯು ಮುಕ್ಕಾಲು ಡಿಗ್ರಿಯಷ್ಟು ತಗ್ಗಿನಲ್ಲಿರುತ್ತದೆ. ಕೆಳಗೆ ದಡದಲ್ಲಿ ನಿಂತವನಿಗಿಂತ ಅವನಿಗೆ ಸೂರ್ಯಾಸ್ತವು ಸುಮಾರು ಮೂರು ನಿಮಿಷ ತಡವಾಗಿ ಆಗುವುದು. ಆದರೆ ಬಿಂಬವು ಮುಳುಗುವ ವೇಗದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗದು. ಈ ಕೆಲವು ನಿಮಿಷಗಳು ಜನಜೀವನದಲ್ಲಿಯೂ ಲೆಕ್ಕಕ್ಕೆ ಬಂದ ಉದಾಹರಣೆಯುಂಟು. ದುಬೈ ನಗರದ ಬುರ್ಜ್ ಖಲೀಫಾ ಕಟ್ಟಡವು 828 ಮೀಟರು ಎತ್ತರದ್ದು. 2011ರ ರಂಜಾನ್ ತಿಂಗಳಲ್ಲಿ, ಅದರ 80ನೆಯ ಅಂತಸ್ತಿನಿಂದ ಮೇಲಿರುವವರು ಎರಡು ನಿಮಿಷವೂ, 150ನೆಯದಕ್ಕಿಂತ ಮೇಲಿರುವವರು ಮೂರು ನಿಮಿಷವೂ ತಡೆದು ಉಪವಾಸವನ್ನು ಬಿಡಬೇಕೆಂದು ಅಲ್ಲಿಯ ಧರ್ಮಾಧಿಕಾರಿಗಳು ತಿಳಿಸಿದ್ದರು.

ಮುಳುಗಿದ ಮೇಲೆ

ಸೂರ್ಯನು ಮುಳುಗುವ ವೇಗವು ಬಿಂಬವು ಮರೆಯಾದೊಡನೆ ಮುಗಿದುಹೋಗುವ ವಿಷಯವಲ್ಲ. ಕ್ಷಿತಿಜದ ಕೆಳಗೂ ಅವನು ಅದೇ ಓರೆಯಲ್ಲಿ ಇಳಿಯುತ್ತ ಹೋಗುವುದರಿಂದ ಮುಸ್ಸಂಜೆಯ ಬೆಳಕು ಎಷ್ಟು ಹೊತ್ತು ಉಳಿಯುವುದೆಂಬುದನ್ನೂ ಈ ವೇಗವೇ ನಿರ್ಧರಿಸುತ್ತದೆ. ಸೂರ್ಯನು ಕ್ಷಿತಿಜದಿಂದ 6 ಡಿಗ್ರಿ ಕೆಳಗೆ ಹೋಗುವವರೆಗಿನ ಕಾಲವನ್ನು ನಾಗರಿಕ ಸಂಧ್ಯೆಯೆಂದು ಕರೆಯುವರು. ಆಕಾಶ ತಿಳಿಯಾಗಿದ್ದರೆ ಅಷ್ಟು ಹೊತ್ತು ದೀಪವಿಲ್ಲದೆ ಹೊರಗಿನ ಕೆಲಸಗಳನ್ನು ಮಾಡಬಹುದು. 12 ಡಿಗ್ರಿಯವರೆಗಿನದು ನಾವಿಕ ಸಂಧ್ಯೆ. 18 ಡಿಗ್ರಿ ಇಳಿದಾಗ ಖಗೋಳೀಯ ಸಂಧ್ಯೆ ಮುಗಿದು ಪೂರ್ಣ ರಾತ್ರಿಯಾಗುತ್ತದೆ.

ಮಂಗಳೂರು, ಬೆಂಗಳೂರುಗಳಲ್ಲಿ ನಾಗರಿಕ ಸಂಧ್ಯೆಯು ಮಾರ್ಚಿನಲ್ಲಿ ಸುಮಾರು 21 ನಿಮಿಷ, ಜೂನ್ ಮತ್ತು ಡಿಸೆಂಬರುಗಳಲ್ಲಿ ಸುಮಾರು 23 ನಿಮಿಷ. ಲಂಡನ್ನಿನಲ್ಲಿ ಅದೇ ಸಂಧ್ಯೆಯು ಮಾರ್ಚಿನಲ್ಲಿ 33 ನಿಮಿಷ, ಡಿಸೆಂಬರಿನಲ್ಲಿ 40 ನಿಮಿಷ, ಜೂನಿನಲ್ಲಿ 48 ನಿಮಿಷ. ಪೂರ್ಣ ರಾತ್ರಿಯಾಗಲು ನಮ್ಮಲ್ಲಿ ಮಾರ್ಚಿನಲ್ಲಿ 70 ನಿಮಿಷ ಸಾಕು, ಜೂನಿನಲ್ಲಿ 79 ನಿಮಿಷ ಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳ ಸೂರ್ಯನು ನಡುರಾತ್ರಿಯಲ್ಲಿಯೂ 18 ಡಿಗ್ರಿ ಕೆಳಗಿಳಿಯುವುದೇ ಇಲ್ಲ. ಆ ದಿನಗಳಲ್ಲಿ ಅಲ್ಲಿ ಪೂರ್ಣ ರಾತ್ರಿಯೆಂಬುದೇ ಇಲ್ಲ.

ಈ ಅಂಕೆಗಳು ರಸ್ತೆಯ ಮೇಲೆ ಪ್ರಾಣಕ್ಕೆ ಸಂಬಂಧಿಸಿದವು. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ಸೂರ್ಯಾಸ್ತವಾದ ಅರ್ಧ ಗಂಟೆಯ ಬಳಿಕ ವಾಹನಗಳು ದೀಪ ಹೊತ್ತಿಸಿರಬೇಕು. ಇಂಗ್ಲೆಂಡಿನ ರಸ್ತೆಯ ನಿಯಮಗಳಲ್ಲಿಯೂ ‘ಕತ್ತಲೆಯ ಹೊತ್ತು’ ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕವೇ ಮೊದಲಾಗುತ್ತದೆ. ಮಾತು ಒಂದೇ, ಬೆಳಕು ಒಂದೇ ಅಲ್ಲ. ಲಂಡನ್ನಿನಲ್ಲಿ ವರ್ಷದ ಯಾವ ದಿನವೇ ಆಗಲಿ, ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕವೂ ನಾಗರಿಕ ಸಂಧ್ಯೆಯು ಮುಗಿದಿರುವುದಿಲ್ಲ. ಕರ್ನಾಟಕದಲ್ಲಿ ಯಾವ ದಿನವೇ ಆಗಲಿ, ಆ ಹೊತ್ತಿಗೆ ಅದು ಮುಗಿದುಹೋಗಿರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಂತೂ ಬೆಳಕು ಹೋಗಿ ಎಂಟು ಒಂಬತ್ತು ನಿಮಿಷಗಳಾದ ಮೇಲೆ ಅರ್ಧ ಗಂಟೆ ತುಂಬುತ್ತದೆ. ಸಾಕಷ್ಟು ಬೆಳಕಿಲ್ಲದಿರುವ ಯಾವ ಹೊತ್ತಿನಲ್ಲಿಯೂ ದೀಪವಿರಬೇಕೆಂದು ಅದೇ ನಿಯಮವು ಹೇಳುವುದು ಈ ಕಾರಣದಿಂದ ನಮಗೆ ಮುಖ್ಯವಾದುದು. 2017ರ ಏಪ್ರಿಲ್‌ನಿಂದ ಹೊಸ ಮೋಟಾರು ಸೈಕಲ್ಲು, ಸ್ಕೂಟರುಗಳಲ್ಲಿ ಮುಂದಿನ ದೀಪವು ತಾನಾಗಿಯೇ ಉರಿಯುತ್ತಿರುವ ಏರ್ಪಾಡಾಗಿದೆ. ಬೆಳಕಿನ ದೀಪವಿಲ್ಲದ ಸೈಕಲ್ ಸವಾರರೂ, ದನಕರುಗಳೊಡನೆ ಹೊಲದಿಂದ ಮರಳುವವರೂ ಈ ನಿಮಿಷಗಳನ್ನು ನೆನಪಿನಲ್ಲಿಡುವುದು ಕ್ಷೇಮ.

ಹಾಗಾದರೆ ಚಳಿಗಾಲದ ಸಂಜೆ ಥಟ್ಟನೆ ಕವಿಯುವಂತೆ ತೋರುವುದೇಕೆ? ಮಂಗಳೂರಿನಲ್ಲಿ ಡಿಸೆಂಬರಿನ ಸೂರ್ಯಾಸ್ತವು ಜೂನಿನ ಸೂರ್ಯಾಸ್ತಕ್ಕಿಂತ ಸುಮಾರು 50 ನಿಮಿಷ ಮುಂಚೆ ಆಗುತ್ತದೆ. ನಮ್ಮ ಶಾಲೆ, ಕಚೇರಿ, ಆಟಗಳ ವೇಳೆ ಮಾತ್ರ ಬದಲಾಗುವುದಿಲ್ಲ. ಬೇಸಗೆಯಲ್ಲಿ ಹಗಲಿನಲ್ಲಿಯೇ ಮುಗಿಯುತ್ತಿದ್ದ ಆಟದ ನಡುವೆ ಚಳಿಗಾಲದಲ್ಲಿ ಕತ್ತಲೆ ಬರುತ್ತದೆ. ಮುಂಚಿತವಾಗಿ ಬಂದುದನ್ನು ನಾವು ವೇಗವಾಗಿ ಬಂದುದೆಂದು ತಿಳಿಯುತ್ತೇವೆ.

ನೀವೇ ಅಳೆದು ನೋಡಿರಿ

ಮಂಗಳೂರು, ಉಡುಪಿ, ಕಾರವಾರಗಳ ಕಡಲ ತೀರದ ವಿದ್ಯಾರ್ಥಿಗಳಿಗೆ ಇದನ್ನು ಪರೀಕ್ಷಿಸುವುದು ಸುಲಭ. ಸೆಕೆಂಡುಗಳನ್ನು ತೋರಿಸುವ ಗಡಿಯಾರವೊಂದು ಸಾಕು. ಜೂನಿನಲ್ಲಿ ಮಳೆಯ ಮೋಡಗಳು ಸೂರ್ಯನನ್ನು ಕಾಣಗೊಡುವುದಿಲ್ಲವಾದುದರಿಂದ ಡಿಸೆಂಬರ್ ಮತ್ತು ಮಾರ್ಚ್ ತಿಂಗಳ ಮೂರನೆಯ ವಾರಗಳನ್ನು ಆರಿಸಿಕೊಳ್ಳಬೇಕು. ಕ್ಷಿತಿಜದಲ್ಲಿ ಮೋಡವೂ ಮಬ್ಬೂ ಇಲ್ಲದ ಸಂಜೆಗಳಲ್ಲಿ ಮೂರು ನಾಲ್ಕು ಸಲ ಅಳೆದು ಸರಾಸರಿಯನ್ನು ತೆಗೆಯಿರಿ. ಬಿಂಬವು ಕೆಂಪಾಗಿ ಕಳೆಗುಂದುವವರೆಗೆ ಅದನ್ನು ದಿಟ್ಟಿಸಬಾರದು. ದುರ್ಬೀನಿನಿಂದ ಅಥವಾ ದೂರದರ್ಶಕದಿಂದ ಎಂದಿಗೂ ನೋಡಬಾರದು. ಕಣ್ಣು ಹೋದರೆ ಮತ್ತೆ ಬಾರದು. ಒಳನಾಡಿನಲ್ಲಿರುವವರಿಗೆ ಸಮವಾದ ಕ್ಷಿತಿಜವು ದೊರೆಯುವುದು ಕಷ್ಟ. ಗುಡ್ಡದ ಇಳಿಜಾರಿನ ಹಿಂದೆ ಮುಳುಗುವ ಸೂರ್ಯನನ್ನು ಅಳೆದರೆ ಲೆಕ್ಕ ತಪ್ಪುವುದು.

ಎರಡು ಅಳತೆಗಳ ನಡುವೆ ಸುಮಾರು 15 ಸೆಕೆಂಡುಗಳ ವ್ಯತ್ಯಾಸವು ಕಾಣಬೇಕು. ಇದು ಅಲ್ಪವೆಂದು ಉಪೇಕ್ಷಿಸಬೇಡಿರಿ. ಡಿಸೆಂಬರಿನಲ್ಲಿ ನಿಮಗೆ 146 ಸೆಕೆಂಡುಗಳು, ಎಂದರೆ 2.433 ನಿಮಿಷಗಳು, ಬಂದವೆಂದಿಟ್ಟುಕೊಳ್ಳಿ. ಬಿಂಬದ ಅಗಲವಾದ 32.5ನ್ನು 15 ಮತ್ತು 2.433ರ ಗುಣಲಬ್ಧದಿಂದ ಭಾಗಿಸಿದರೆ 0.890 ಬರುತ್ತದೆ, ಅದರ ವರ್ಗ 0.793. ಮಂಗಳೂರಿನ ಅಕ್ಷಾಂಶದ ಕೊಸೈನಿನ ವರ್ಗವಾದ 0.950ರಿಂದ ಇದನ್ನು ಕಳೆದರೆ 0.157, ವರ್ಗಮೂಲ 0.397. ಯಾವ ಕೋನದ ಸೈನು ಇದು ಎಂದು ಕೋಷ್ಟಕದಲ್ಲಿ ನೋಡಿದರೆ 23.4 ಡಿಗ್ರಿ. ಇದೇ ಭೂಮಿಯ ಅಕ್ಷದ ಓರೆ. ಎಲ್ಲ ಋತುಗಳಿಗೂ ಮೂಲವಾದುದು. ನಿಮ್ಮ ಅಳತೆಯಲ್ಲಿ ಎರಡು ಸೆಕೆಂಡುಗಳ ತಪ್ಪು ಸೇರಿದ್ದರೂ ಉತ್ತರವು ಎರಡು ಡಿಗ್ರಿಗಳಿಗಿಂತ ಹೆಚ್ಚು ತಪ್ಪುವುದಿಲ್ಲ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ಆ ಸಂಖ್ಯೆಯನ್ನು ಒಂದು ಗಡಿಯಾರ ಮತ್ತು ಒಂದು ನಿರ್ಮಲವಾದ ಸಂಜೆಯ ನೆರವಿನಿಂದ ನೀವೇ ಕಂಡುಹಿಡಿದಂತಾಗುವುದು.